ಎಚ್ಚರಿಸಿದ್ದು ಯಾರು, ಯಾವುದರ ಬಗ್ಗೆ?

2009ರ ಜನವರಿ 31, ಶನಿವಾರ. ನಮ್ಮಲ್ಲಿ ಆಗ ರಾತ್ರಿ ಎಂಟು ಗಂಟೆ ದಾಟಿತ್ತು. ಗೂಗಲ್‌ನಲ್ಲಿ ಏನನ್ನೇ ಹುಡುಕಿದರೂ, ಸಿಕ್ಕಿದ ಒಂದೊಂದು ಜಾಲತಾಣದ ಜೊತೆಗೂ ಅದೇ ಸಾಲು: ಈ ತಾಣದಿಂದ ನಿಮ್ಮ ಕಂಪ್ಯೂಟರಿಗೆ ಹಾನಿಯಾಗಬಹುದು. ಪತ್ರಿಕೆಗಳ ತಾಣಕ್ಕೂ ಅದೇ ಮಾತು, ವಿಶ್ವವಿದ್ಯಾಲಯಗಳ ತಾಣಕ್ಕೂ ಅದೇ ಮಾತು. ಕೊನೆಗೆ ಗೂಗಲ್‌ನ ಸ್ವಂತ ಪುಟಗಳೂ ಅದರಿಂದ ತಪ್ಪಿಸಿಕೊಳ್ಳಲಿಲ್ಲ. ಲೋಕದ ತಾಣಗಳೆಲ್ಲ ಒಂದೇ ರಾತ್ರಿಯಲ್ಲಿ ಕೆಟ್ಟುಹೋದವೇ?

ಹಾಗೇನೂ ಆಗಿರಲಿಲ್ಲ. ಗೂಗಲ್ ಕೆಟ್ಟ ತಾಣಗಳದೊಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಆ ದಿನ ಪಟ್ಟಿಗೆ ಹೊಸ ವಿಳಾಸಗಳನ್ನು ಸೇರಿಸುವಾಗ ಯಾರದೋ ಕೈತಪ್ಪಿನಿಂದ ಬರೀ ಒಂದು ಓರೆಗೆರೆ, ಅಂದರೆ ‘/’, ಒಳಗೆ ಸೇರಿಬಿಟ್ಟಿತು. ಓರೆಗೆರೆ ಇಲ್ಲದ ಜಾಲವಿಳಾಸವೇ ಇಲ್ಲವಲ್ಲ! ಹಾಗಾಗಿ ಯಂತ್ರದ ಲೆಕ್ಕದಲ್ಲಿ ಎಲ್ಲವೂ ಕೆಟ್ಟ ತಾಣಗಳಾದವು. ತಪ್ಪು ತಿಳಿದು ಸರಿಪಡಿಸುವಷ್ಟರಲ್ಲಿ ಒಬ್ಬೊಬ್ಬ ಬಳಕೆದಾರನಿಗೂ ಸುಮಾರು 40 ನಿಮಿಷ ಈ ಗೊಂದಲ ಕಾಡಿತ್ತು.

ಏಳು ವರ್ಷದ ಬಳಿಕ ಇದರ ತಿರುಗುಮುರುಗು ನಡೆಯಿತು. ‘ಲಿನಕ್ಸ್ ಮಿಂಟ್’ ಎಂಬುದು ವಿಂಡೋಸ್‌ನಂತೆಯೇ ಕಂಪ್ಯೂಟರನ್ನು ನಡೆಸುವ, ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದಾದ ತಂತ್ರಾಂಶ. 2016ರ ಫೆಬ್ರವರಿ 20ರಂದು ಅದರ ತಾಣಕ್ಕೆ ಕಳ್ಳರು ನುಗ್ಗಿದರು. ಪುಟ ಮೊದಲಿನಂತೆಯೇ ಕಾಣುತ್ತಿತ್ತು, ವಿಳಾಸವೂ ಸರಿಯಾಗಿತ್ತು. ಬದಲಾದದ್ದು ಇಳಿಸಿಕೊಳ್ಳುವ ಕೊಂಡಿ ಮಾತ್ರ. ಅದನ್ನು ಒತ್ತಿದವರಿಗೆ ಸಿಕ್ಕಿದ್ದು ಗುಟ್ಟಾಗಿ ಹಿಂಬಾಗಿಲು ಇಟ್ಟ ನಕಲಿ ಪ್ರತಿ. ಸಾವಿರಾರು ಜನ ವರ್ಷಗಟ್ಟಲೆ ನಂಬಿದ್ದ ತಾಣವದು. ತಂಡದ ಮುಖ್ಯಸ್ಥ ಕ್ಲೆಮೆಂಟ್ ಲೆಫೆಬ್ರ್ ತಾವೇ ಮುಂದೆ ಬಂದು ಹೀಗೆ ಆಗಿದೆಯೆಂದು ಎಲ್ಲರಿಗೂ ತಿಳಿಸಿದರು, ತಾಣವನ್ನು ಕೆಲಕಾಲ ಮುಚ್ಚಿದರು.

ನೋಡಿದಿರಾ ಮಕ್ಕಳೇ? ಒಮ್ಮೆ ಎಚ್ಚರಿಕೆ ಬಂತು, ಅಪಾಯ ಇರಲಿಲ್ಲ. ಇನ್ನೊಮ್ಮೆ ಅಪಾಯ ಬಂತು, ಎಚ್ಚರಿಕೆ ಇರಲಿಲ್ಲ. ಹಾಗಾದರೆ ಎಚ್ಚರಿಕೆಯನ್ನು ನಂಬಬೇಕೋ, ಬಿಡಬೇಕೋ? ಹೌದು, ಇಲ್ಲ ಎಂದು ಒಂದೇ ಉಸಿರಿನಲ್ಲಿ ಉತ್ತರ ಹೇಳುವ ಮೊದಲು ಎರಡು ಪ್ರಶ್ನೆ ಕೇಳುವುದನ್ನು ಕಲಿಯೋಣ. ಎಚ್ಚರಿಸಿದ್ದು ಯಾರು? ಯಾವುದರ ಬಗ್ಗೆ?

ನಿಮ್ಮೂರಲ್ಲಿ ಇದು ಎಲ್ಲಿ ಎದುರಾಗುತ್ತದೆ?

ಕೇರಳದ ನಮ್ಮ ಉಪ್ಪಳ ಪೇಟೆಯಲ್ಲಿ ಒಂದು ಸುತ್ತು ನಡೆದು ಬಂದರೆ ತುಳು, ಕನ್ನಡ, ಮಲಯಾಳ, ಬ್ಯಾರಿ, ಉರ್ದು, ಕೊಂಕಣಿ, ಮರಾಠಿ ಎಲ್ಲವೂ ಕಿವಿಗೆ ಬೀಳುತ್ತವೆ. ಫೋನಿಗೆ ಬರುವ ಎಚ್ಚರಿಕೆ ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಕೆಂಪು ಬಣ್ಣ ಕಂಡಾಗ ಗಾಬರಿ, ಇಂಗ್ಲಿಷ್ ಕಂಡಾಗ ಅವಸರ. ಓದುವ ಮೊದಲೇ ಬೆರಳು ‘ಓಕೆ’ಯ ಮೇಲೆ ಹೋಗಿರುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಭಾಷೆ ಎಂಬಲ್ಲಿ ಕನ್ನಡವನ್ನು ಆರಿಸಿದರೆ ಕ್ರೋಮ್, ಫೈರ್‌ಫಾಕ್ಸ್‌ನಂಥ ಬ್ರೌಸರುಗಳ ಎಚ್ಚರಿಕೆಯೂ ಕನ್ನಡದಲ್ಲೇ ಬರುತ್ತದೆ. ಅರ್ಥವಾಗುವ ಮಾತಿಗೆ ಅರ್ಧ ಹೆದರಿಕೆ ಕಡಿಮೆ.

ಕನ್ನಡ ಮಾಧ್ಯಮದಲ್ಲಿ ಓದುವ ನಿಮಗೆ ಪಾಠಪುಸ್ತಕದ ಪಿಡಿಎಫ್ ಬೇಕು, ಮಾದರಿ ಪ್ರಶ್ನೆಪತ್ರಿಕೆ ಬೇಕು. ಮನೆಯಲ್ಲಿ ಅಕ್ಕನ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡುವ ಹೊಣೆಯೂ ನಿಮ್ಮದೇ. ಗಲ್ಫ್‌ನಲ್ಲಿರುವ ಮಾವನ ವಿಡಿಯೋ ಕರೆ ಬರುವುದು, ಅವರು ಕಳಿಸಿದ ಹಣ ಬಂತೆಂಬ ಸಂದೇಶ ಬರುವುದು ಅದೇ ಫೋನಿಗೆ. ಅದನ್ನು ಕೈಗೆ ತೆಗೆದುಕೊಂಡು ಆಟದ ಆಪ್ ಹುಡುಕುವವರು ಯಾರೆಂದು ನಾನು ಹೇಳಬೇಕಾಗಿಲ್ಲ.

ಶಾಲೆಯ ಕಂಪ್ಯೂಟರಿನ ಕತೆ ಸ್ವಲ್ಪ ಬೇರೆ. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ರಾಜ್ಯ ಸರಕಾರದ ಕೈಟ್ ಸಂಸ್ಥೆ ಕೊಟ್ಟ, ಉಬುಂಟು ಆಧಾರಿತ ಲಿನಕ್ಸ್ ಇದೆ. 2018ರಲ್ಲಿ ಶುರುವಾದ, ಆ ಸಂಸ್ಥೆಯ ವಿದ್ಯಾರ್ಥಿಗಳ ‘ಲಿಟಲ್ ಕೈಟ್ಸ್’ ಕೂಟದಲ್ಲಿ ನಿಮ್ಮಲ್ಲಿ ಕೆಲವರು ಇರಬಹುದು. ವಿಂಡೋಸ್‌ಗೆಂದು ಬರೆದ ದುಷ್ಟ ತಂತ್ರಾಂಶ ಸಾಮಾನ್ಯವಾಗಿ ಲಿನಕ್ಸಿನಲ್ಲಿ ಓಡುವುದಿಲ್ಲ. ಆದರೆ ಲಿನಕ್ಸ್‌ಗೆ ಏನೂ ಆಗದು ಎಂದು ಎದೆಯುಬ್ಬಿಸುವ ಹಾಗೂ ಇಲ್ಲ. ಮಿಂಟ್ ತಾಣದಲ್ಲಿ ಕಳ್ಳರು ಇಟ್ಟದ್ದು ಲಿನಕ್ಸ್‌ಗೆಂದೇ ಮಾಡಿದ್ದ ಹಿಂಬಾಗಿಲು.

ಮೊದಲ ಪ್ರಶ್ನೆ: ಮಾತಾಡುತ್ತಿರುವುದು ಯಾರು?

ಪರದೆಯ ಮೇಲೆ ಮೂವರು ಮಾತಾಡಬಹುದು. ಒಬ್ಬ, ಕಂಪ್ಯೂಟರಿನಲ್ಲಿ ನಾವೇ ಹಾಕಿಸಿದ ಆಂಟಿವೈರಸ್. ಇನ್ನೊಬ್ಬ, ಬ್ರೌಸರ್. ಮೂರನೆಯವನು, ನೀವು ತೆರೆದ ಪುಟವೇ. ಮೊದಲ ಇಬ್ಬರ ಮಾತನ್ನು ಕಿವಿಗೊಟ್ಟು ಕೇಳಬೇಕು. ಮೂರನೆಯವನು “ನಿನ್ನ ಫೋನಿನಲ್ಲಿ 13 ವೈರಸ್ ಇವೆ” ಎಂದು ಕೂಗಿದರೆ ಅದು ಸುಳ್ಳು, ಅನುಮಾನವೇ ಬೇಡ.

ಅಷ್ಟು ಗಟ್ಟಿಯಾಗಿ ಹೇಳುವುದು ಹೇಗೆ? ಬ್ರೌಸರ್ ಒಂದೊಂದು ಪುಟವನ್ನೂ ಬೇಲಿ ಹಾಕಿ ಕೂರಿಸುತ್ತದೆ. ನಿಮ್ಮ ಪರದೆ ಎಷ್ಟು ಅಗಲ, ಫೋನು ಯಾವ ಕಂಪನಿಯದು ಎಂಬಂಥ ಒಂದಿಷ್ಟು ಸಂಗತಿಗಳು ಪುಟಕ್ಕೆ ತಿಳಿಯುತ್ತವೆ. ನಿಮ್ಮ ಫೋನಿನ ಕಡತಗಳನ್ನೆಲ್ಲ ತೆರೆದು ತಪಾಸಣೆ ಮಾಡಲು ಪುಟಕ್ಕೆ ದಾರಿಯೇ ಇಲ್ಲ. ನೋಡದೆ ಇದ್ದದ್ದನ್ನು ಎಣಿಸುವುದಾದರೂ ಹೇಗೆ? ಎಲ್ಲರ ಫೋನಿಗೂ ಅದೇ 13 ಎಂದು ಮೊದಲೇ ಬರೆದಿಟ್ಟಿರುತ್ತಾರೆ, ಅಷ್ಟೇ.

ಇಂಥ ಸುಳ್ಳು ಎಚ್ಚರಿಕೆ ಕಳ್ಳ ತಾಣಗಳಲ್ಲಿ ಮಾತ್ರ ಬರುತ್ತದೆ ಎಂದುಕೊಳ್ಳಬೇಡಿ. 2009ರ ಸೆಪ್ಟೆಂಬರಿನ ಒಂದು ವಾರಾಂತ್ಯದಲ್ಲಿ ಅಮೆರಿಕದ ಹೆಸರಾಂತ ಪತ್ರಿಕೆ ‘ನ್ಯೂಯಾರ್ಕ್ ಟೈಮ್ಸ್’ನ ತಾಣದಲ್ಲೇ ಬಂದಿತ್ತು. ದೂರವಾಣಿ ಕಂಪನಿಯೊಂದರ ಹೆಸರು ಹೇಳಿಕೊಂಡು ವಂಚಕರು ಜಾಹೀರಾತಿಗೆ ಜಾಗ ಪಡೆದರು. ಮೊದಮೊದಲು ಆ ಕಂಪನಿಯ ಜಾಹೀರಾತನ್ನೇ ಸಭ್ಯವಾಗಿ ತೋರಿಸಿದರು. ವಾರಾಂತ್ಯದಲ್ಲಿ ಅದರ ಜಾಗಕ್ಕೆ “ನಿಮ್ಮ ಕಂಪ್ಯೂಟರಿಗೆ ವೈರಸ್ ತಗಲಿದೆ, ಈ ಆಂಟಿವೈರಸ್ ಕೊಳ್ಳಿ” ಎಂಬ ನಾಟಕ ಬಂದು ಕೂತಿತು. ಓದುಗರು ನಂಬಿದ್ದು ಪತ್ರಿಕೆಯನ್ನು, ಮಾತಾಡಿದ್ದು ಬಾಡಿಗೆ ಜಾಗದಲ್ಲಿ ಕೂತ ಮೋಸಗಾರ.

ಸುಳ್ಳು ಎಚ್ಚರಿಕೆಯನ್ನು ಗುರುತಿಸುವುದು ಕಷ್ಟವಲ್ಲ. ಅದು ನಿಮ್ಮನ್ನು ಓಡಿಸುತ್ತದೆ: ಎರಡು ನಿಮಿಷದೊಳಗೆ ಒತ್ತು, ಇಲ್ಲವಾದರೆ ಫೋಟೋಗಳೆಲ್ಲ ಹೋದವು. ಅದು ಫೋನ್ ನಂಬರ್ ಕೊಟ್ಟು ಕರೆ ಮಾಡು ಎನ್ನುತ್ತದೆ, ಹಣ ಕೇಳುತ್ತದೆ, ಹೊಸ ಆಪ್ ಹಾಕಿಕೋ ಎನ್ನುತ್ತದೆ. ಸೈರನ್ ಊದುವುದೂ ಉಂಟು. ನಿಜವಾದ ಆಂಟಿವೈರಸ್ಸು ತಾನು ತಡೆದದ್ದೇನು ಎಂದು ಹೇಳಿ ಸುಮ್ಮನಾಗುತ್ತದೆ. ಬ್ರೌಸರಿನ ಎಚ್ಚರಿಕೆ ಹಿಂದಕ್ಕೆ ಹೋಗು ಎನ್ನುತ್ತದೆ. ಹಿಂದಕ್ಕೆ ಕರೆಯುವವನು ಬೇರೆ, ಮುಂದಕ್ಕೆ ತಳ್ಳುವವನು ಬೇರೆ.

ಅಜ್ಜಿಯ ಫೋನಿನಲ್ಲಿ ಯಾವ ಪುಟವನ್ನೂ ತೆರೆಯದೆ ಇಂಥ ಸಂದೇಶ ದಿನಕ್ಕೆ ಹತ್ತು ಸಲ ಬರುತ್ತದೆಯೇ? “ಅಜ್ಜೀ, ಏನನ್ನೂ ಒತ್ತಬೇಡಿ, ಇತ್ತ ಕೊಡಿ” ಎನ್ನಿ. ಹಿಂದೆಂದೋ ಯಾವುದೋ ತಾಣ “ನೀನು ರೋಬೋ ಅಲ್ಲವೆಂದು ತೋರಿಸಲು ಅನುಮತಿಸು ಒತ್ತು” ಎಂದಿರುತ್ತದೆ. ಅವರು ಒತ್ತಿರುತ್ತಾರೆ. ಅಂದಿನಿಂದ ಆ ತಾಣಕ್ಕೆ ಫೋನಿಗೆ ಸಂದೇಶ ಕಳಿಸುವ ಹಕ್ಕು ಸಿಕ್ಕಿದೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಅಧಿಸೂಚನೆಗಳು ಎಂಬಲ್ಲಿ ಆ ತಾಣದ ಹೆಸರು ಹುಡುಕಿ ನಿಲ್ಲಿಸಿದರೆ ಗಲಾಟೆ ನಿಲ್ಲುತ್ತದೆ. ವೈರಸ್ ಅಲ್ಲಿ ಇರಲೇ ಇಲ್ಲ.

ಎರಡನೆಯ ಪ್ರಶ್ನೆ: ಯಾವುದರ ಬಗ್ಗೆ?

ಎಚ್ಚರಿಕೆ ನಿಜವಾದದ್ದೇ ಎಂದುಕೊಳ್ಳೋಣ. ಅದು ವಿಳಾಸದ ಬಗ್ಗೆ ಇರಬಹುದು, ಪ್ರಮಾಣಪತ್ರದ ಬಗ್ಗೆ ಇರಬಹುದು, ಇಳಿಸಿಕೊಂಡ ಕಡತದ ಬಗ್ಗೆ ಇರಬಹುದು. ಮೂರೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ.

ವಿಳಾಸವನ್ನು ಓದುವ ಕ್ರಮವೊಂದಿದೆ. ಮೊದಲ ಒಂಟಿ ಓರೆಗೆರೆಯವರೆಗಿನ ಭಾಗವನ್ನು ಬಲದಿಂದ ಎಡಕ್ಕೆ ಓದಬೇಕು. ಕೈಟ್ ಸಂಸ್ಥೆಯ ತಾಣ ‘ಕೈಟ್ ಡಾಟ್ ಕೇರಳ ಡಾಟ್ ಗವ್ ಡಾಟ್ ಇನ್’. ಬಲತುದಿಯಲ್ಲಿ ‘ಗವ್ ಡಾಟ್ ಇನ್’ ಇದೆ, ಅದು ಭಾರತದ ಸರಕಾರಿ ತಾಣಗಳಿಗೆ ಮಾತ್ರ ಸಿಗುವ ಬಾಲ. ‘ಕೇರಳ ಡಾಟ್ ಗವ್ ಡಾಟ್ ಇನ್’ ಎಂದು ಬರೆದು ಅದರ ಬಲಕ್ಕೆ ಇನ್ನೇನೋ ಹೆಸರು, ‘ಡಾಟ್ ಕಾಮ್’ ಎಂದಿದ್ದರೆ? ಆಗ ಯಜಮಾನ ಆ ಇನ್ನೇನೋ. ಎಡಗಡೆ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ಇಂಗ್ಲಿಷಿನ ಆರ್ ಮತ್ತು ಎನ್ ಅಕ್ಷರಗಳನ್ನು ಒತ್ತೊತ್ತಾಗಿ ಬರೆದು ಎಂ ಎಂದು ಕಣ್ಣಿಗೆ ಮಣ್ಣೆರಚುವುದೂ ಇದೆ.

ಪ್ರಮಾಣಪತ್ರದ ಎಚ್ಚರಿಕೆ ತಮಾಷೆಯದು. ತಾಣವೊಂದು “ನಾನು ಇಂಥವನೇ” ಎಂದು ತೋರಿಸಲು ಒಂದು ಪತ್ರ ಕೊಡುತ್ತದೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಇರುತ್ತದೆ. ಎಲ್ಲೋ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರನ್ನು ರಜೆ ಮುಗಿಸಿ ಬಂದು ಚಾಲೂ ಮಾಡುತ್ತೀರಿ. ಯಾವ ತಾಣ ತೆರೆದರೂ ಸುರಕ್ಷಿತವಲ್ಲ ಎನ್ನುತ್ತದೆ. ಮೂಲೆಯ ಗಡಿಯಾರ ನೋಡಿ. ವರ್ಷ 2010 ಎಂದು ತೋರಿಸುತ್ತಿರಬಹುದು! ವಿದ್ಯುತ್ ಇಲ್ಲದಾಗಲೂ ಕಂಪ್ಯೂಟರಿಗೆ ದಿನಾಂಕ ನೆನಪಿರುವುದು ಮದರ್‌ಬೋರ್ಡಿನಲ್ಲಿರುವ ಬಿಲ್ಲೆಯಂಥ ಪುಟ್ಟ ಬ್ಯಾಟರಿಯಿಂದ. ಅದರ ಹೆಸರು ಸಿಆರ್2032. ಹೆಸರಿನ ಅಂಕಿಗಳಲ್ಲೇ ಅಳತೆ ಅಡಗಿದೆ: ಅಗಲ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್. ಕೊಡುವ ಒತ್ತಡ 3 ವೋಲ್ಟ್. ಅದು ಬತ್ತಿದರೆ ಕಂಪ್ಯೂಟರ್ ಹಳೆಯ ವರ್ಷಕ್ಕೆ ಜಾರುತ್ತದೆ. ಪ್ರಮಾಣಪತ್ರದ ಅವಧಿ ಇನ್ನೂ ಶುರುವೇ ಆಗಿಲ್ಲವಲ್ಲ ಎಂದು ಬ್ರೌಸರ್ ಗೊಂದಲಗೊಳ್ಳುತ್ತದೆ. ದಿನಾಂಕ ಸರಿಪಡಿಸಿ, ಬ್ಯಾಟರಿ ಬದಲಾಯಿಸಿದರೆ ಎಲ್ಲ ತಾಣಗಳೂ ಮತ್ತೆ ಒಳ್ಳೆಯವಾಗುತ್ತವೆ. ಆದರೆ ದಿನಾಂಕ ಸರಿಯಿದ್ದು ಒಂದೇ ತಾಣಕ್ಕೆ ಈ ಎಚ್ಚರಿಕೆ ಬಂದರೆ ಅಲ್ಲಿ ಪಾಸ್‌ವರ್ಡ್ ಬರೆಯಬಾರದು.

ವಿಳಾಸದ ಪಕ್ಕದ ಬೀಗದ ಚಿತ್ರ ಕಂಡರೆ ತಾಣ ಒಳ್ಳೆಯದು ಎಂಬ ನಂಬಿಕೆ ಬಹಳ ಜನರಿಗಿದೆ. ಬೀಗ ಹೇಳುವುದು ಇಷ್ಟೇ: ನಿಮ್ಮ ಮತ್ತು ತಾಣದ ನಡುವಿನ ಮಾತನ್ನು ದಾರಿಯಲ್ಲಿ ಯಾರೂ ಓದಲಾರರು. ಆ ಕಡೆ ಕೂತವನು ಕಳ್ಳನೇ ಆಗಿದ್ದರೆ, ಕಳ್ಳನೊಂದಿಗೆ ಗುಟ್ಟಾಗಿ ಮಾತಾಡಿದಂತಾಯಿತು. ಈ ತಪ್ಪು ತಿಳಿವಳಿಕೆಯಿಂದಾಗಿಯೇ 2023ರಲ್ಲಿ ಕ್ರೋಮ್ ಬ್ರೌಸರ್ ಬೀಗದ ಚಿತ್ರವನ್ನು ತೆಗೆದು ಬೇರೆ ಗುರುತು ಇಟ್ಟಿತು.

ಆಂಟಿವೈರಸ್ಸಿಗೆ ಹೇಗೆ ಗೊತ್ತು?

ಮೂರನೆಯದು ಕಡತದ ಬಗೆಗಿನ ಎಚ್ಚರಿಕೆ. ಇಲ್ಲಿ ವಿಜ್ಞಾನ ಸೊಗಸಾಗಿದೆ, ಸ್ವಲ್ಪ ನಿಧಾನವಾಗಿ ನೋಡೋಣ.

ಪ್ರತಿಯೊಂದು ಕಡತಕ್ಕೂ ಗಣಿತದಿಂದ ಒಂದು ಬೆರಳಚ್ಚು ತೆಗೆಯಬಹುದು. ‘ಎಸ್‌ಎಚ್‌ಎ-256’ ಎಂಬ ವಿಧಾನಕ್ಕೆ ಒಂದು ಪದ ಕೊಡಿ, ಒಂದು ಸಿನಿಮಾ ಕೊಡಿ, ಹೊರಬರುವ ಬೆರಳಚ್ಚು 256 ಬಿಟ್ ಉದ್ದವೇ ಇರುತ್ತದೆ. ಅದನ್ನು 64 ಅಕ್ಷರ ಮತ್ತು ಅಂಕಿಗಳಲ್ಲಿ ಬರೆಯುತ್ತಾರೆ. ಕಡತದಲ್ಲಿ ಸೂಜಿಮೊನೆಯಷ್ಟು ವ್ಯತ್ಯಾಸವಾದರೂ ಬೆರಳಚ್ಚು ಗುರುತೇ ಸಿಗದಂತೆ ಬದಲಾಗುತ್ತದೆ.

ಶಾಲೆಯ ಲ್ಯಾಬಿನಲ್ಲಿ ಇದನ್ನು ಮಾಡಿನೋಡಿ. ಒಂದು ಕಡತದಲ್ಲಿ ‘ಉಪ್ಪಳ’ ಎಂದು ಬರೆದು ಉಳಿಸಿ. ಕಂಪ್ಯೂಟರ್ ಈ ಪದವನ್ನು ಐದು ಚಿಹ್ನೆಗಳಾಗಿ ಕಾಣುತ್ತದೆ: ಉ, ಪ, ಒತ್ತಕ್ಷರ ಬರಿಸುವ ಹಲಂತ, ಇನ್ನೊಂದು ಪ, ಳ. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಒಟ್ಟು 15 ಬೈಟ್, ಅಂದರೆ 120 ಬಿಟ್. ಈಗ ಇನ್ನೊಂದು ಕಡತದಲ್ಲಿ ಬೇಕೆಂದೇ ‘ಉಪ್ಪಲ’ ಎಂದು ಬರೆಯಿರಿ. ಯೂನಿಕೋಡಿನ ಪಟ್ಟಿಯಲ್ಲಿ ಲ ಮತ್ತು ಳ ಅಕ್ಕಪಕ್ಕದಲ್ಲಿವೆ. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಬಿಟ್! 120ರಲ್ಲಿ 119 ಬಿಟ್ ಹಾಗೆಯೇ ಇವೆ. ಟರ್ಮಿನಲ್ ತೆರೆದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ‘ಎಸ್‌ಎಚ್‌ಎ256ಎಸ್‌ಯುಎಂ’ ಎಂದು ಬರೆದು, ಜಾಗ ಬಿಟ್ಟು ಕಡತದ ಹೆಸರು ಕೊಡಿ. ಎರಡೂ ಕಡತದ ಬೆರಳಚ್ಚನ್ನು ಒಂದರ ಕೆಳಗೊಂದು ಇಟ್ಟು ನೋಡಿ. ಒಂದು ಬಿಟ್ ಬದಲಾದದ್ದಕ್ಕೆ ಬೆರಳಚ್ಚಿನ ಸುಮಾರು ಅರ್ಧದಷ್ಟು ಬಿಟ್‌ಗಳು ಮಗುಚಿಬಿದ್ದಿರುತ್ತವೆ.

ಒಳ್ಳೆಯ ತಾಣಗಳು ತಾವು ಕೊಡುವ ಕಡತದ ಬೆರಳಚ್ಚನ್ನೂ ಪ್ರಕಟಿಸುವುದು ಇದಕ್ಕೇ. ಇಳಿಸಿಕೊಂಡ ಕಡತದ ಬೆರಳಚ್ಚು ಅದರೊಂದಿಗೆ ತಾಳೆಯಾಗದಿದ್ದರೆ ನಡುವೆ ಏನೋ ಆಗಿದೆ. ಮಿಂಟ್ ತಂಡವೂ ಅಂದು ಬಳಕೆದಾರರಿಗೆ ಹೀಗೆ ತಾಳೆ ನೋಡಲು ಹೇಳಿತ್ತು.

ಆಂಟಿವೈರಸ್ ಕಂಪನಿಗಳು ಸಿಕ್ಕಿಬಿದ್ದ ದುಷ್ಟ ತಂತ್ರಾಂಶಗಳ ಬೆರಳಚ್ಚುಗಳನ್ನೂ ಅವುಗಳೊಳಗಿನ ವಿಶೇಷ ಗುರುತುಗಳನ್ನೂ ಪಟ್ಟಿ ಮಾಡಿಡುತ್ತವೆ. ಹೊಸ ಕಡತ ಬಂದಾಗ ಪಟ್ಟಿಯೊಂದಿಗೆ ಹೋಲಿಸುತ್ತವೆ. ಈ ಕಾವಲು ಎಚ್ಚರವಾಗಿದೆಯೇ ಎಂದು ಪರೀಕ್ಷಿಸಲು ‘ಐಕಾರ್’ ಎಂಬ 68 ಅಕ್ಷರಗಳ ಕಡತವೊಂದಿದೆ. ಅದರಿಂದ ಕಂಪ್ಯೂಟರಿಗೆ ಒಂದಿಷ್ಟೂ ಹಾನಿಯಿಲ್ಲ. ಆದರೂ ಅದನ್ನು ಕಂಡಾಗ ವೈರಸ್ ಕಂಡಂತೆಯೇ ಕೂಗಬೇಕೆಂದು ಹೆಚ್ಚಿನ ಆಂಟಿವೈರಸ್ ತಯಾರಕರು ಒಪ್ಪಿಕೊಂಡಿದ್ದಾರೆ.

ಕಳ್ಳನೂ ಜಾಣ. ಒಂದು ಬಿಟ್ ಬದಲಾಯಿಸಿ ಹೊಸ ಬೆರಳಚ್ಚು ಮಾಡಿಕೊಳ್ಳುತ್ತಾನೆ. ಹಾಗಾಗಿ ಆಂಟಿವೈರಸ್ ನಡತೆಯನ್ನೂ ಗಮನಿಸುತ್ತದೆ. ಈ ತಂತ್ರಾಂಶ ಬೇರೆ ಕಡತಗಳನ್ನು ತಿದ್ದುತ್ತಿದೆಯೇ? ಒತ್ತಿದ ಕೀಲಿಗಳನ್ನು ಕದ್ದು ನೋಡುತ್ತಿದೆಯೇ? ಎಡವಟ್ಟು ಆಗುವುದು ಇಲ್ಲಿಯೇ. ಕನ್ನಡ ಟೈಪು ಮಾಡಿಸುವ ತಂತ್ರಾಂಶವನ್ನು ನೆನೆಯಿರಿ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಇಂಗ್ಲಿಷಿನ ‘ಕೆ’ ಒತ್ತಿದರೆ ಕ ಮೂಡುತ್ತದೆ. ಹಾಗೆ ಮೂಡಬೇಕಾದರೆ ನೀವು ಒತ್ತುವ ಪ್ರತಿ ಕೀಲಿಯನ್ನೂ ಆ ತಂತ್ರಾಂಶ ನಡುವೆ ನಿಂತು ನೋಡಲೇಬೇಕು. ಪಾಸ್‌ವರ್ಡ್ ಕದಿಯುವ ತಂತ್ರಾಂಶ ಮಾಡುವುದೂ ಇದನ್ನೇ. ಕೆಲಸ ಒಂದೇ, ಉದ್ದೇಶ ಬೇರೆ. ಉದ್ದೇಶವನ್ನು ಯಂತ್ರ ಹೇಗೆ ಓದೀತು? ಪ್ರಾಮಾಣಿಕ ತಂತ್ರಾಂಶದ ಮೇಲೂ ಅನುಮಾನ ಬರುವುದು ಹೀಗೆ.

ಅನುಮಾನ ಅತಿಯಾದರೆ ಕಾವಲುಗಾರನೇ ಮನೆ ಕೆಡಿಸುತ್ತಾನೆ. 2010ರ ಏಪ್ರಿಲ್ 21ರಂದು ಮೆಕಾಫಿ ಆಂಟಿವೈರಸ್ಸಿನ ಹೊಸ ಪಟ್ಟಿಯೊಂದು ವಿಂಡೋಸ್ ಎಕ್ಸ್‌ಪಿಯ ಬಹುಮುಖ್ಯ ಕಡತವನ್ನೇ ವೈರಸ್ ಎಂದು ಹಿಡಿಯಿತು. ಆ ಕಡತವಿಲ್ಲದೆ ಕಂಪ್ಯೂಟರುಗಳು ಮತ್ತೆ ಮತ್ತೆ ಆರಿ ಹೊತ್ತಿಕೊಳ್ಳತೊಡಗಿದವು.

ತಪ್ಪೇ ಮಾಡದ ಆಂಟಿವೈರಸ್ ಬರುವುದೇ?

ಇನ್ನೂ ಜಾಣ ಯಂತ್ರ ಬಂದರೆ ತಪ್ಪೇ ಆಗುವುದಿಲ್ಲ ಎಂದು ನಿಮಗೆ ಅನಿಸಬಹುದು. ಅಮೆರಿಕದಲ್ಲಿ ಫ್ರೆಡ್ ಕೋಹೆನ್ ಎಂಬ ವಿದ್ಯಾರ್ಥಿ 1983ರಲ್ಲಿ ವೈರಸ್ಸುಗಳ ಮೇಲೆ ಪ್ರಯೋಗ ಮಾಡಿದ. ಎಲ್ಲ ವೈರಸ್ಸುಗಳನ್ನೂ ತಪ್ಪಿಲ್ಲದೆ ಗುರುತಿಸುವ ತಂತ್ರಾಂಶ ಬರೆಯಲು ಸಾಧ್ಯವೇ ಇಲ್ಲ ಎಂದು ತರ್ಕದಿಂದ ತೋರಿಸಿದ. ಅವನ ತರ್ಕ ಒಂದು ಒಗಟಿನ ಹಾಗಿದೆ.

ಎಂದೂ ತಪ್ಪು ಮಾಡದ ಆಂಟಿವೈರಸ್ ಒಂದಿದೆ ಎಂದುಕೊಳ್ಳಿ. ತುಂಟನೊಬ್ಬ ಒಂದು ತಂತ್ರಾಂಶ ಬರೆಯುತ್ತಾನೆ. ಅದು ಮೊದಲು ಆಂಟಿವೈರಸ್ಸನ್ನೇ ಕೇಳುತ್ತದೆ: “ನಾನು ವೈರಸ್ಸೋ ಅಲ್ಲವೋ?” ಆಂಟಿವೈರಸ್ ಹೌದು ಎಂದರೆ ಅದು ಏನೂ ಮಾಡದೆ ತೆಪ್ಪಗೆ ಕೂರುತ್ತದೆ. ಅಲ್ಲ ಎಂದರೆ ಕೂಡಲೇ ಎಲ್ಲೆಡೆ ಹರಡುತ್ತದೆ. ಈಗ ಆಂಟಿವೈರಸ್ ಏನು ಹೇಳಬೇಕು? ಹೌದು ಎಂದರೂ ತಪ್ಪು, ಅಲ್ಲ ಎಂದರೂ ತಪ್ಪು. ಹಾಗಾದರೆ ಎಂದೂ ತಪ್ಪು ಮಾಡದ ಆಂಟಿವೈರಸ್ ಇರಲಾರದು!

ಈ ಒಗಟಿನಿಂದ ಆಂಟಿವೈರಸ್ ಬೇಡವೆಂದಾಗುವುದಿಲ್ಲ. ಅದು ನೂರಾರು ಸಲ ಸರಿ ಹೇಳುತ್ತದೆ. ಆದರೆ ಅದು ಹೇಳುವುದು ಅನುಮಾನವನ್ನೇ. ತೀರ್ಪು ಕೊಡುವಾಗ ಮನುಷ್ಯ ಒಮ್ಮೆ ಯೋಚಿಸಬೇಕಾದ ಜಾಗ ಯಾವಾಗಲೂ ಉಳಿದಿರುತ್ತದೆ.

ನಂಬಿದ ತಾಣ ಕೆಡುವುದು ಹೇಗೆ?

ಮದುವೆಮನೆಯ ಊಟಕ್ಕೆ ಕೂತಿದ್ದೀರಿ. ಮನೆಯವರು ಬಹಳ ಬೇಕಾದವರು. ಎಲೆಗೆ ಬಿದ್ದ ಮೇಲಾರ ಅಡುಗೆಭಟ್ಟರ ತಂಡದ್ದು, ಮಜ್ಜಿಗೆ ಡೈರಿಯಿಂದ ಬಂದದ್ದು, ಸಿಹಿ ಪೇಟೆಯ ಅಂಗಡಿಯದು. ಮಜ್ಜಿಗೆ ಕೆಟ್ಟಿದ್ದರೆ ಹೊಟ್ಟೆ ಕೆಡುತ್ತದೆ, ಮನೆಯವರು ಎಷ್ಟೇ ಒಳ್ಳೆಯವರಾಗಿರಲಿ. ಜಾಲಪುಟವೂ ಹೀಗೆಯೇ ಹತ್ತು ಕಡೆಯಿಂದ ಬಂದು ಎಲೆಗೆ ಬೀಳುತ್ತದೆ. ಬರಹ ತಾಣದ್ದು, ಅಕ್ಷರದ ಅಚ್ಚು ಇನ್ನೊಂದು ಕಂಪನಿಯದು, ಜಾಹೀರಾತು ಮತ್ತೊಬ್ಬರದು, ಪುಟವನ್ನು ಕುಣಿಸುವ ಸಣ್ಣಪುಟ್ಟ ಸಂಕೇತಗಳು ಮಗದೊಬ್ಬರದು.

ಹಳೆಯ ಬ್ರೌಸರುಗಳಲ್ಲೂ ಹೊಸ ಪುಟಗಳು ಸರಿಯಾಗಿ ಕಾಣುವಂತೆ ಮಾಡುವ ‘ಪಾಲಿಫಿಲ್’ ಎಂಬ ಸಂಕೇತವನ್ನು ಲಕ್ಷಕ್ಕೂ ಹೆಚ್ಚು ತಾಣಗಳು ಒಂದೇ ವಿಳಾಸದಿಂದ ತರಿಸಿಕೊಳ್ಳುತ್ತಿದ್ದವು. 2024ರಲ್ಲಿ ಆ ವಿಳಾಸ ಬೇರೆ ಕಂಪನಿಯ ಕೈಗೆ ಹೋಯಿತು. ಜೂನ್ ಹೊತ್ತಿಗೆ ಅಲ್ಲಿಂದ ಬರುವ ಸಂಕೇತದಲ್ಲಿ ವಿಷ ಬೆರೆತದ್ದು ಬಯಲಾಯಿತು. ಆ ತಾಣಗಳ ಯಜಮಾನರು ತಮ್ಮ ಪುಟದಲ್ಲಿ ಒಂದಕ್ಷರವನ್ನೂ ಬದಲಿಸಿರಲಿಲ್ಲ.

2017ರಲ್ಲಿ ಕಂಪ್ಯೂಟರಿನ ಕಸ ಗುಡಿಸುವ ‘ಸಿಕ್ಲೀನರ್’ ಎಂಬ ಜನಪ್ರಿಯ ತಂತ್ರಾಂಶಕ್ಕೆ ಆದದ್ದು ಇನ್ನೂ ವಿಚಿತ್ರ. ಕಳ್ಳರು ಅದನ್ನು ತಯಾರಿಸುವ ಜಾಗಕ್ಕೇ ನುಗ್ಗಿದ್ದರು. ಕಂಪನಿಯ ಅಧಿಕೃತ ತಾಣದಿಂದ, ಕಂಪನಿಯದೇ ಡಿಜಿಟಲ್ ಸಹಿ ಹೊತ್ತು ಹೊರಟ ಆವೃತ್ತಿಯಲ್ಲಿ ದುಷ್ಟ ಸಂಕೇತ ಇತ್ತು. ಸುಮಾರು 22 ಲಕ್ಷ 70 ಸಾವಿರ ಬಳಕೆದಾರರಿಗೆ ಅದು ತಲುಪಿತ್ತು. ಬೆರಳಚ್ಚು ತಾಳೆ ನೋಡಿದ್ದರೂ ಸರಿಯೆಂದೇ ಬರುತ್ತಿತ್ತು, ಕೆಟ್ಟದ್ದು ಮೂಲದಲ್ಲೇ ಆದ್ದರಿಂದ.

ಆದುದರಿಂದ, “ಸಾರ್, ಇದು ಒಳ್ಳೆಯ ತಾಣ, ಎಚ್ಚರಿಕೆ ಸುಳ್ಳಿರಬೇಕು” ಎಂದು ಆಂಟಿವೈರಸ್ಸನ್ನು ಆರಿಸಿ ಮುಂದೆ ಹೋಗಬಾರದು. ನಿನ್ನೆ ಒಳ್ಳೆಯದಾಗಿದ್ದದ್ದು ಇಂದೂ ಹಾಗೆಯೇ ಇದೆಯೆಂದು ನಾವು ನೋಡಿಲ್ಲವಲ್ಲ.

ಏನು ಮಾಡಬೇಕು?

ಎಚ್ಚರಿಕೆ ಬಂದಾಗ ಮೊದಲು ಬೆರಳು ಎತ್ತಿ. ಪುಟವೇ ಕೂಗುತ್ತಿದ್ದರೆ ಅದರೊಳಗಿನ ಯಾವ ಗುಂಡಿಯನ್ನೂ, ಅದು ತೋರಿಸುವ ಅಡ್ಡಗುಣಿತದ ಗುರುತನ್ನೂ ಒತ್ತದೆ ಟ್ಯಾಬನ್ನೇ ಮುಚ್ಚಿ. ಪರದೆ ಪೂರ್ತಿ ತುಂಬಿಕೊಂಡಿದ್ದರೆ ಕಂಪ್ಯೂಟರಿನಲ್ಲಿ ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿಯಿರಿ.

ಬ್ರೌಸರ್ ಅಥವಾ ಆಂಟಿವೈರಸ್ ಹೇಳುತ್ತಿದ್ದರೆ ಪೂರ್ತಿ ಓದಿ, ಪರದೆಯ ಚಿತ್ರ ತೆಗೆದಿಡಿ. ವಿಳಾಸವೋ, ಪ್ರಮಾಣಪತ್ರವೋ, ಕಡತವೋ ಎಂದು ನೋಡಿ. ಗಡಿಯಾರ ನೋಡಿ. ಕಡತದ ಹೆಸರಿನ ಬಾಲ ನೋಡಿ. ಪ್ರಶ್ನೆಪತ್ರಿಕೆ ಎಂದು ಹೇಳಿಕೊಳ್ಳುವ ಕಡತದ ಬಾಲದಲ್ಲಿ ‘ಪಿಡಿಎಫ್’ ಆದ ಮೇಲೂ ‘ಇಎಕ್ಸ್‌ಇ’ ಎಂದಿದ್ದರೆ ಅದು ಓದುವ ಕಡತವಲ್ಲ, ಓಡುವ ತಂತ್ರಾಂಶ. ವಾಟ್ಸಾಪಿನಲ್ಲಿ ವಾಹನದ ದಂಡದ ಚಲನ್ ಎಂದು ‘ಎಪಿಕೆ’ ಬಾಲದ ಕಡತ ಬಂದರೂ ಹಾಗೆಯೇ. ಅದು ಫೋನಿಗೆ ನುಗ್ಗುವ ಆಪ್, ಅಪ್ಪನಿಗೆ ಒತ್ತಲು ಬಿಡಬೇಡಿ.

ಇನ್ನೊಬ್ಬ ವೈದ್ಯರನ್ನು ಕೇಳುವ ಸೌಲಭ್ಯವೂ ಇದೆ. 2004ರಲ್ಲಿ ಸ್ಪೇನಿನಲ್ಲಿ ಹುಟ್ಟಿ 2012ರಲ್ಲಿ ಗೂಗಲ್ ಸೇರಿದ ‘ವೈರಸ್‌ಟೋಟಲ್’ ತಾಣಕ್ಕೆ ಕಡತ ಅಥವಾ ವಿಳಾಸ ಕೊಟ್ಟರೆ ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ಸಿಗುತ್ತದೆ. ಒಂದೇ ಒಂದು ಬೇಡ ಎಂದು, ಉಳಿದವೆಲ್ಲ ಸರಿ ಎಂದರೆ ಸುಳ್ಳು ಅನುಮಾನ ಇರಬಹುದು. ತೀರ ಹೊಸ ವೈರಸ್ಸನ್ನು ಮೊದಲು ಗುರುತಿಸಿದ್ದು ಆ ಒಂದೇ ಆಗಿರಲೂಬಹುದು. ಹಾಗಾಗಿ ಅವಸರವಿಲ್ಲದಿದ್ದರೆ ಎರಡು ದಿನ ಬಿಟ್ಟು ಮತ್ತೆ ಪರೀಕ್ಷಿಸುವುದು ಜಾಣತನ. ಆಧಾರ್, ಅಂಕಪಟ್ಟಿ, ಮನೆಯ ಫೋಟೋಗಳನ್ನು ಮಾತ್ರ ಅಲ್ಲಿಗೆ ಹಾಕಬಾರದು. ಹಾಕಿದ ಕಡತವನ್ನು ಬೇರೆಯವರೂ ನೋಡುವ ಅವಕಾಶವಿದೆ.

ಬಂದ ಅಪ್‌ಡೇಟ್‌ಗಳನ್ನು ಮುಂದಕ್ಕೆ ತಳ್ಳಬೇಡಿ. 2017ರ ಮೇ 12ರಂದು ಹರಡಲು ಶುರುವಾದ ‘ವನ್ನಾಕ್ರೈ’ ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ಬೀಗ ಹಾಕಿ ಹಣ ಕೇಳಿತು. ನಮ್ಮದೇ ರಾಜ್ಯದ ವಯನಾಡಿನ ತರಿಯೋಡು ಪಂಚಾಯತ್ ಕಚೇರಿಯ ಕಂಪ್ಯೂಟರುಗಳೂ ಅದಕ್ಕೆ ಸಿಕ್ಕಿದವು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು.

ಒತ್ತಬಾರದ್ದನ್ನು ಒತ್ತಿಯೇ ಬಿಟ್ಟರೆ? ಇಂಟರ್‌ನೆಟ್ ಆರಿಸಿ. ಮನೆಯಲ್ಲೋ ಶಾಲೆಯಲ್ಲೋ ದೊಡ್ಡವರಿಗೆ ಕೂಡಲೇ ಹೇಳಿ. ಪಾಸ್‌ವರ್ಡುಗಳನ್ನು ಬೇರೆ ಫೋನಿನಿಂದ ಬದಲಾಯಿಸಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಬೇಗ ಹೇಳಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಇದನ್ನು ಓದುತ್ತಿರುವ ದೊಡ್ಡವರಿಗೆ ಒಂದು ಮಾತು: ಹೇಳಲು ಬಂದ ಮಗುವಿಗೆ ಗದರಬೇಡಿ. ಗದರಿಕೆಗೆ ಹೆದರಿ ಮಗು ಮುಚ್ಚಿಟ್ಟ ಅರ್ಧ ಗಂಟೆಯಲ್ಲೇ ಬ್ಯಾಂಕ್ ಖಾತೆ ಖಾಲಿಯಾಗಬಹುದು.

ಇನ್ನೊಂದು ಕೆಲಸ ಬಹಳ ಜನ ಮರೆಯುತ್ತಾರೆ. ನಂಬಿದ ತಾಣದಲ್ಲಿ ಎಚ್ಚರಿಕೆ ಬಂದರೆ ಆ ತಾಣ ನಡೆಸುವವರಿಗೆ ತಿಳಿಸಬೇಕು. ನಿಮ್ಮ ಪರದೆಯಲ್ಲಿ ಕಂಡದ್ದು ಅವರಿಗೆ ಕಾಣುತ್ತಿಲ್ಲದೆ ಇರಬಹುದು, ಜಾಹೀರಾತುಗಳು ಒಬ್ಬೊಬ್ಬರಿಗೆ ಒಂದೊಂದು ಬರುತ್ತವಲ್ಲ. “ನಿಮ್ಮ ತಾಣದಲ್ಲಿ ವೈರಸ್ ಇದೆ” ಎಂದಷ್ಟೇ ಬರೆದರೆ ಅವರಿಗೆ ಹುಡುಕಲು ತುದಿ ಸಿಗದು. ಯಾವ ಪುಟ, ಯಾವ ದಿನ, ಎಷ್ಟು ಗಂಟೆ, ಫೋನೋ ಕಂಪ್ಯೂಟರೋ, ಯಾವ ಬ್ರೌಸರ್, ಎಚ್ಚರಿಸಿದ್ದು ಯಾರು, ಯಾವುದರ ಬಗ್ಗೆ, ಇಷ್ಟನ್ನು ಬರೆದು ಪರದೆಯ ಚಿತ್ರ ಸೇರಿಸಿ. ಸುಳ್ಳು ಅನುಮಾನವಾಗಿದ್ದರೆ ಅವರು ಆಂಟಿವೈರಸ್ ಕಂಪನಿಗೆ ಹೇಳಿ ಪಟ್ಟಿ ಸರಿ ಮಾಡಿಸುತ್ತಾರೆ. ನಿಜವಾಗಿದ್ದರೆ ಕೆಟ್ಟದ್ದನ್ನು ಕಿತ್ತುಹಾಕುತ್ತಾರೆ. ಈ ಪತ್ರ ಬರೆಯಲು ಕಂಪ್ಯೂಟರ್ ಪಂಡಿತರಾಗಬೇಕಾಗಿಲ್ಲ. ನೋಡಿದ್ದನ್ನು ನೋಡಿದ ಹಾಗೆ ಬರೆಯಲು ಬಂದರೆ ಸಾಕು, ಅದನ್ನು ನೀವು ವಿಜ್ಞಾನದ ಪ್ರಯೋಗಪುಸ್ತಕದಲ್ಲಿ ಆಗಲೇ ಕಲಿತಿದ್ದೀರಿ.